ಸ್ಕ್ರೂಡ್ರೈವರ್ ಕೆಳಗಿಟ್ಟೆ

ತೋಟದಲ್ಲಿ ನೆರಳಿಗೆ ನಿಲ್ಲಿಸುವ ದೊಡ್ಡ ಛತ್ರಿ ಕೊಂಡು ಇನ್ನೂ ಮೂರು ವಾರ. ಹ್ಯಾಂಡಲ್ ತಿರುಗಿಸಿ ಪೂರ್ತಿ ಬಿಚ್ಚಿದರೆ, ಸ್ವಲ್ಪ ಹೊತ್ತಿಗೇ ಮೆಲ್ಲಗೆ ಜಾರಿ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ರಿಪೇರಿ ಅಂದರೆ ನನಗೆ ಕೈ ತುರಿಕೆ. ಸ್ಕ್ರೂಡ್ರೈವರ್ ತಂದೇಬಿಟ್ಟೆ. ಮೊದಲ ಸ್ಕ್ರೂಗೆ ತುದಿ ಇಟ್ಟಾಗ ವಾರಂಟಿ ನೆನಪಾಯಿತು. ಬಿಚ್ಚಿದ ಮೇಲೆ ಅಂಗಡಿಯವರು "ನೀವೇ ಹಾಳು ಮಾಡಿದ್ದು" ಅಂದರೆ ನಾನು ಏನು ಹೇಳಲಿ?

ಹಾಗಾಗಿ ಏನನ್ನೂ ಬಿಚ್ಚದೆ ನೋಡಿದೆ. ಹ್ಯಾಂಡಲ್ ತಿರುಗಿಸಿದಾಗ ಒಳಗೆ ಒಂದು ಹಗ್ಗ ಸುತ್ತಿಕೊಳ್ಳುತ್ತದೆ. ಅದು ಕಂಬದ ತುದಿಯ ರಾಟೆ ಮೇಲೆ ಹಾದು ಬಂದು, ಕಡ್ಡಿಗಳನ್ನು ಎತ್ತುವ ಬಳೆಯನ್ನು ಮೇಲಕ್ಕೆ ಎಳೆಯುತ್ತದೆ. ಛತ್ರಿ ಜಾರುವಾಗ ಹ್ಯಾಂಡಲ್ ತಾನೂ ಹಿಂದಕ್ಕೆ ತಿರುಗಿದರೆ ಒಳಗಿನ ಬ್ರೇಕ್ ಹಿಡಿಯುತ್ತಿಲ್ಲ. ಹ್ಯಾಂಡಲ್ ಅಲ್ಲಾಡದೆ ಬಳೆ ಮಾತ್ರ ಇಳಿದರೆ ಹಗ್ಗದ ಕಡೆ ತೊಂದರೆ: ಗಂಟು ಸಡಿಲ, ಇಲ್ಲವೇ ಹಗ್ಗ ಸವೆದಿದೆ. ನನ್ನದರಲ್ಲಿ ಹ್ಯಾಂಡಲ್ ಕದಲಲಿಲ್ಲ.

ಹಗ್ಗ ತಾನೇ, ಅಂದುಕೊಂಡೆ. ಅದನ್ನು ಹಿಂದೆ ಒಂದು ಹಳೇ ಛತ್ರಿಗೆ ಬದಲಾಯಿಸಿದ್ದೆ. ಹೊಸ ಹಗ್ಗದ ತುದಿಯನ್ನು ಹಳೆಯದರ ತುದಿಗೆ ಹೊಲಿದು, ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಕಂಬದೊಳಗೆ ಬರುತ್ತದೆ. ಗಂಟು ಹಾಕಬಾರದು, ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. (ನನಗೆ ಸಿಕ್ಕಿಕೊಂಡಿತ್ತು. ಆ ಭಾನುವಾರ ಪೂರ್ತಿ ಹೋಯಿತು.)

ಇರಲಿ ಅಂತ ಟಾರ್ಚ್ ಹಾಕಿ ಮೇಲೂ ನೋಡಿದೆ. ಕಡ್ಡಿಗಳ ತುದಿ ಸೇರುವ ಪ್ಲಾಸ್ಟಿಕ್ ಚಕ್ರದಲ್ಲಿ, ಒಂದು ಕಡ್ಡಿಯ ಪಿನ್ ಪಕ್ಕದಲ್ಲೇ ಕೂದಲಿನಂಥ ಬಿರುಕು. ನನ್ನ ಲೆಕ್ಕ ಅಲ್ಲೇ ತಲೆಕೆಳಗಾಯಿತು. ಬಟ್ಟೆಯ ಬಿಗಿ, ಗಾಳಿಯ ಎಳೆತ ಎಲ್ಲ ಬೀಳುವುದು ಆ ಪಿನ್ ಮೇಲೆ. ಅಲ್ಲಿ ಅಂಟು ಹಾಕಿದರೆ ನಾಲ್ಕು ದಿನ ನಿಂತೀತು, ಆಮೇಲೆ ಜೋರು ಗಾಳಿಗೆ ಯಾರ ತಲೆ ಮೇಲೆ ಬೀಳುತ್ತದೋ. ಬಟ್ಟೆ ಹರಿದಿದ್ದರೆ ಹೊಲಿಯುತ್ತಿದ್ದೆ. ಕಡ್ಡಿ ಬಾಗಿದ್ದರೂ ಏನಾದರೂ ಮಾಡುತ್ತಿದ್ದೆ. ಇದು ಬೇಡ.

ಗಾಳಿಗೆ ಮುರಿದದ್ದು ಅಂತ ಅಂಗಡಿಯವರು ತಳ್ಳಿಹಾಕಬಹುದು ಅಂತ ಅನುಮಾನ ಇತ್ತು. ಅದಕ್ಕೇ ಬಾಗದೆ ನೆಟ್ಟಗಿರುವ ಕಡ್ಡಿಗಳು, ಹರಿಯದ ಬಟ್ಟೆ, ಬಿರುಕು, ಎಲ್ಲದರ ಫೋಟೊ ತೆಗೆದೆ. ಜಾರುವುದರ ಒಂದು ಸಣ್ಣ ವಿಡಿಯೊ ಕೂಡ. ಬಿಲ್ ಜೊತೆ ಕಳಿಸಿದೆ. ಮೊದಲು ಅವರು "ಹೊಸ ಹಗ್ಗ ಕಳಿಸ್ತೀವಿ, ಹಾಕ್ಕೊಳ್ಳಿ" ಅಂದರು. ಬಿರುಕಿನ ಫೋಟೊ ಇನ್ನೊಮ್ಮೆ ಕಳಿಸಿ, ಆ ಚಕ್ರ ಬಿಡಿಯಾಗಿ ಸಿಗುತ್ತದೆಯೇ ಅಂತ ಕೇಳಿದೆ. ಸಿಗುವುದಿಲ್ಲವಂತೆ. ಹಾಗಾದರೆ ಛತ್ರಿಯನ್ನೇ ಬದಲಾಯಿಸಿ ಕೊಡಿ ಅಂದೆ. ಒಪ್ಪಿದರು.

ನಿಜವಾದ ಫಜೀತಿ ಆಮೇಲೆ. ಹಳೆಯದನ್ನು ವಾಪಸ್ ಕಳಿಸಬೇಕಿತ್ತು, ಅದು ಬಂದಿದ್ದ ಉದ್ದನೆಯ ಡಬ್ಬ ನಾನು ಎಸೆದಾಗಿತ್ತು! ನಾಲ್ಕಾರು ರಟ್ಟಿನ ಡಬ್ಬ ಕತ್ತರಿಸಿ, ಟೇಪ್ ಸುತ್ತಿ ಸುತ್ತಿ ಕಟ್ಟಿದೆ. ಪುಣ್ಯಕ್ಕೆ ಬುಡದ ಭಾರವನ್ನು ವಾಪಸ್ ಕೇಳಲಿಲ್ಲ.

ಹೊಸದು ಬಂದ ದಿನ ಬಿಚ್ಚಿ ಮೊದಲು ಟಾರ್ಚ್ ಹಾಕಿದ್ದು ಆ ಚಕ್ರಕ್ಕೆ. ಬಿರುಕಿಲ್ಲ. ಡಬ್ಬ ಅಟ್ಟದ ಮೇಲಿದೆ.