ಆಕಿ ಮಾತಾಡಂಗಿಲ್ರಿ ಅಕ್ಕೋರ

ಹಾಜರಿ ಕರೆಯುವಾಗ ಅವಳ ಹೆಸರು ಬಂತೆಂದರೆ ಇಡೀ ತರಗತಿಯೇ ಓಗೊಡುತ್ತಿತ್ತು: "ಬಂದಾಳ್ರಿ ಅಕ್ಕೋರ. ಆಕಿ ಮಾತಾಡಂಗಿಲ್ರಿ."

ಇಳಕಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿ ನನ್ನ ಪಾಲಿಗೆ ಬಂದ ಜೂನ್ ತಿಂಗಳು ಅದು. ಗೋಡೆಗೆ ಆತು ಕೂರುತ್ತಿದ್ದ ಆ ಹುಡುಗಿಯ ಅಕ್ಷರ ಮುತ್ತು ಪೋಣಿಸಿದ ಹಾಗೆ. ಲೆಕ್ಕ ತಪ್ಪುತ್ತಿರಲಿಲ್ಲ. ಬಾಯಿ ಮಾತ್ರ ಒಂದನೇ ತರಗತಿಯಿಂದ ಬಿಚ್ಚಿಲ್ಲ ಅಂದರು. ಬಿಸಿಯೂಟದಲ್ಲಿ ಇನ್ನಷ್ಟು ಸಾರು ಬೇಕಿದ್ದರೂ ಕೇಳುತ್ತಿರಲಿಲ್ಲ. ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಲೂ ಅಂಜಿ, ಶಾಲೆ ಬಿಡುವ ತನಕ ತಡೆದುಕೊಂಡು ಮನೆಗೆ ಓಡುತ್ತಿದ್ದಳಂತೆ. ಇದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಅವಳ ತಾಯಿಯಿಂದ. ನೆನೆದರೆ ಈಗಲೂ ಕರುಳು ಹಿಂಡಿದಂತಾಗುತ್ತದೆ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ದಿನಕ್ಕೊಮ್ಮೆ ಎಬ್ಬಿಸಿ ನಿಲ್ಲಿಸುತ್ತಿದ್ದೆ. "ಅಂಜಬ್ಯಾಡವ್ವಾ, ಜೋರಾಗಿ ಹೇಳು" ಅನ್ನುತ್ತಿದ್ದೆ. ಧೈರ್ಯ ತುಂಬುತ್ತಿದ್ದೇನೆ ಎಂದೇ ನನ್ನ ನಂಬಿಕೆ. ಒಂದು ದಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಯಾವುದು ಎಂದು ಕೇಳಿದಾಗ ಅವಳ ತುಟಿ ಅಲುಗಿತು. "ಮಲಪ್ರಭಾ." ಪಕ್ಕದವರಿಗೆ ಕೇಳಿಸಿತೋ ಇಲ್ಲವೋ. ನನಗೆ ಹಿಡಿಸಲಾರದ ಸಂತೋಷ. "ಎಲ್ಲಾರೂ ಚಪ್ಪಾಳೆ ತಟ್ರಿ" ಅಂದೆ. ನಲವತ್ತು ಮುಖಗಳು ಒಮ್ಮೆಲೇ ಅವಳ ಕಡೆ ತಿರುಗಿದವು. ಅವಳು ತಲೆ ತಗ್ಗಿಸಿ ಕೂತಳು. ಮುಂದೆ ಹದಿನೈದು ದಿನ ತುಟಿಯೂ ಅಲುಗಲಿಲ್ಲ.

ಹೊಗಳಿಕೆ ಒಳ್ಳೆಯದೇ ಎಂದು ನಾವು ಮೇಷ್ಟ್ರು ಮಂದಿ ತಿಳಿದಿರುತ್ತೇವೆ. ಅಂಜುವ ಮಗುವಿಗೆ ಬೈಗುಳವೂ ಚಪ್ಪಾಳೆಯೂ ಒಂದೇ. ಎರಡರಲ್ಲೂ ಎಲ್ಲರ ಕಣ್ಣು ಅದರ ಮೇಲೆ ಬೀಳುತ್ತದೆ.

ಒಂದು ಭಾನುವಾರ ಅವಳ ಮನೆಗೆ ಹೋದೆ. ಓಣಿಯ ತಿರುವಿನಲ್ಲೇ ಲಾಳಿಯ ಸದ್ದು. ಪಡಸಾಲೆಯಲ್ಲಿ ಕುಣಿಮಗ್ಗ, ಅದರಲ್ಲಿ ಕಾಲಿಳಿಬಿಟ್ಟು ಅಪ್ಪ ನೇಯುತ್ತಿದ್ದ. ಮಗ್ಗ ನಡೆಯುವ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಒಳಗಿಂದ ಒಂದು ಹುಡುಗಿಯ ದನಿ, ಮಗ್ಗದ ಸದ್ದನ್ನೂ ಮೀರಿ: "ಆಯೀ, ಕಂಡಿಕಿ ತೀರ್ಯಾವ ನೋಡ! ನೂಲು ಎಲ್ಲಿಟ್ಟೀ?" ನಾನು ಹೊಸ್ತಿಲಲ್ಲೇ ನಿಂತೆ. ಅದು ಅವಳದೇ ದನಿ! ನನ್ನನ್ನು ಕಂಡ ಕೂಡಲೇ ಅದು ನಿಂತಿತು, ದೀಪ ಆರಿದ ಹಾಗೆ.

ಅವಳಿಗೆ ದನಿ ಇಲ್ಲದೆ ಇಲ್ಲ, ಶಾಲೆಯೊಳಗೆ ಅದು ಹೊರಡುತ್ತಿಲ್ಲ ಅಷ್ಟೆ ಎಂಬುದು ಅಂದು ತಿಳಿಯಿತು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಂಥ ಜಾಗದಲ್ಲಿ ತಿಂಗಳುಗಟ್ಟಲೆ ಮೂಕವಾಗುವುದಕ್ಕೆ ಮನೋವೈದ್ಯರು ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಅದು ಹಟವಲ್ಲ, ಆತಂಕದಿಂದ ಆಗುವಂಥದು. ಅವಳಿಗೆ ಆ ಹೆಸರು ಹಚ್ಚಲು ನಾನು ವೈದ್ಯೆಯಲ್ಲ. ಶಾಲೆಗೆ ಬಂದಿದ್ದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಂದ ಕಿವಿ, ನಾಲಿಗೆ ನೋಡಿಸಿದೆ. ದೋಷವಿರಲಿಲ್ಲ. ಅಂಥ ಮಕ್ಕಳಿಗೆ ಹೇಳಿರುವ ದಾರಿಯನ್ನೇ ನನ್ನ ಕೈಲಾದ ಮಟ್ಟಿಗೆ ಹಿಡಿದೆ: ಸಲುಗೆಯ ಒಬ್ಬರೊಂದಿಗೆ, ಯಾರೂ ಇಲ್ಲದ ಕೋಣೆಯಲ್ಲಿ ಮಾತು ಶುರುವಾಗಬೇಕು. ಉಳಿದವರು ಇಷ್ಟಿಷ್ಟೇ ಹತ್ತಿರ ಬರಬೇಕು.

ತಾಯಿಯನ್ನು ಕರೆಯುವಂತಿರಲಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ತೋಪು ತೆನಿಯ ಕೆಲಸ ನಡುವೆ ಬಿಟ್ಟು ಬರುವಂಥದಲ್ಲ. ಸೀರೆ ಮುಗಿದರೇ ಕೂಲಿ. ಆದರೆ ದೊಡ್ಡಪ್ಪನ ಮಗಳು ನಮ್ಮದೇ ಶಾಲೆಯ ಏಳನೇ ತರಗತಿಯಲ್ಲಿದ್ದಳು. ಶಾಲೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷ ಇಬ್ಬರನ್ನೂ ಉಳಿಸಿಕೊಂಡೆ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಒಂದು ಮೈ ತೇಯ್ದ ನಾಲ್ಕು ಹುಣಸೆ ಬೀಜ ಕೊಟ್ಟು, ನಾನು ಹೊರಗೆ ಕಟ್ಟೆಯ ಮೇಲೆ ನೋಟ್‌ಬುಕ್ ತಿದ್ದುತ್ತ ಕೂತೆ.

ಚೌಕಾಬಾರವನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ಆ ಆಟಕ್ಕೆ ಬೇಕಾದ ಮಾತು ಬೆರಳೆಣಿಕೆಯಷ್ಟು: ಒಂದು, ಎರಡು, ಮೂರು, ಚೌಕಾ, ಬಾರಾ. ಏನು ಹೇಳಲಿ ಎಂದು ಹುಡುಕಬೇಕಿಲ್ಲ, ತಪ್ಪುವ ಅಂಜಿಕೆಯಿಲ್ಲ, ಬೀಜ ಬಿದ್ದ ಹಾಗೆ ಹೇಳಿದರಾಯಿತು. ಮೂರು ದಿನ ಬರೀ ಪಿಸುಮಾತು. ನಾಲ್ಕನೆಯ ದಿನ ನಾನು ಬಾಗಿಲ ಬಳಿ ಸರಿದೆ. ಐದನೆಯ ದಿನ ಬೀಜ ಉರುಳಿದ ಸದ್ದಿನ ಬೆನ್ನಿಗೇ ಒಂದು ಕೂಗು: "ಬಾರಾ!" ಎಂಟು ಬಿದ್ದಿತ್ತು. ಅಕ್ಕನ ಕಾಯಿ ಕಡಿದಿತ್ತು. ಎದೆ ಹೊಡೆದುಕೊಳ್ಳುತ್ತಿದ್ದರೂ ನಾನು ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಎರಡನೆಯ ವಾರ ಕೋಣೆಯ ಮೂಲೆಗೆ, ಮೂರನೆಯ ವಾರ ಚೌಕಾಬಾರದ ಮನೆಯ ಅಂಚಿಗೆ ಬಂದೆ. ಆಮೇಲೆ ನಾನೂ ಒಂದು ಕಾಯಿ ಇಟ್ಟೆ. ನಂತರ ತರಗತಿಯ ಗೆಳತಿಯೊಬ್ಬಳು ಸೇರಿದಳು, ಅಕ್ಕ ಹಿಂದೆ ಸರಿದಳು.

ತರಗತಿಯಲ್ಲಿ ಬದಲಾಗಬೇಕಾದವಳು ನಾನು. ಪಾಠ ಮಾಡುವಾಗ ಮೊಬೈಲಿನಲ್ಲಿ ನನ್ನ ದನಿ ರೆಕಾರ್ಡ್ ಮಾಡಿ ಕೇಳಿದೆ. ಪ್ರಶ್ನೆ ಹಾಕಿ ಉಸಿರು ಬಿಡುವಷ್ಟರಲ್ಲಿ "ನೀ ಹೇಳು, ನೀ ಹೇಳು" ಎಂದು ದಾಟಿಬಿಡುತ್ತಿದ್ದೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರು: ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಮನಸ್ಸಿನಲ್ಲೇ ಐದರ ತನಕ ಎಣಿಸುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಆ ಮೌನ ಬಾವಿಯಷ್ಟು ಆಳ ಅನ್ನಿಸುತ್ತಿತ್ತು.

"ಮಾತಾಡಂಗಿಲ್ರಿ" ಎಂದು ಮಕ್ಕಳು ಅಂದಾಗಲೆಲ್ಲ "ಆಕಿ ಇನ್ನೂ ವಿಚಾರ ಮಾಡಾಕತ್ತಾಳ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ. ಯಾರನ್ನೂ ಗದರಿಸಲಿಲ್ಲ. ಕೆಲವು ವಾರಗಳಲ್ಲಿ ಅವರೂ ಹಾಗೇ ಹೇಳತೊಡಗಿದರು. ನನ್ನ ಇನ್ನೊಂದು ಚಾಳಿಯನ್ನೂ ಬಿಟ್ಟೆ. ಮಕ್ಕಳು "ಹೊಕ್ಕೀನ್ರಿ" ಅಂದರೆ "ಹೋಗುತ್ತೇನೆ ಅನ್ನು" ಎಂದು ತಿದ್ದುತ್ತಿದ್ದೆ. ಮನೆಮಾತನ್ನೇ ತಪ್ಪು ಅಂದರೆ, ತಪ್ಪಿಗೆ ಹೆದರುವ ಮಗು ಯಾವ ಬಾಯಿಂದ ಮಾತಾಡಬೇಕು? ಪುಸ್ತಕದ ಕನ್ನಡವನ್ನು ಬರೆಯುವಾಗ ಕಲಿಸಿದರಾಯಿತು.

ದಸರಾ ರಜೆ ಮುಗಿದ ಮೇಲೆ ಬಣ್ಣದ ಕಾಗದದ ಪಟ್ಟಿಗಳಿಂದ ಚಾಪೆ ಹೆಣೆಯುವ ಕೆಲಸ ಕೊಟ್ಟೆ. ಒಂದು ಬಣ್ಣ ಹಾಸು, ಒಂದು ಬಣ್ಣ ಹೊಕ್ಕು. ಇಬ್ಬಿಬ್ಬರ ಜೋಡಿ. ಅವಳ ಪಕ್ಕದ ಹುಡುಗ ಎರಡೆರಡು ಪಟ್ಟಿ ದಾಟಿಸಿ ಎಲ್ಲ ಸಡಿಲ ಮಾಡುತ್ತಿದ್ದ. ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ಬೆನ್ನ ಹಿಂದೆ ಕೇಳಿಸಿತು: "ಹಂಗಲ್ಲೋ, ಒಂದ ಬಿಟ್ಟ ಒಂದ ಎತ್ತಬೇಕ. ಇಲ್ಲೆ ಕೊಡ." ತರಗತಿ ಕ್ಷಣ ಹೊತ್ತು ಸ್ತಬ್ಧವಾಯಿತು. ತಿರುಗಿ ನೋಡಬೇಕೆಂಬ ಆಸೆಯನ್ನು ಹಲ್ಲು ಕಚ್ಚಿ ತಡೆದೆ. ಬರೆಯುವುದು ಮುಗಿದಿದ್ದರೂ ಬರೆಯುತ್ತಲೇ ಇದ್ದೆ. ಗದ್ದಲ ಮತ್ತೆ ಶುರುವಾಯಿತು, ಅದರೊಳಗೆ ಅವಳದೂ ಒಂದು ದನಿ.

ಹಾಜರಿಗೆ ಅವಳೇ "ಹಾಜರ್ರಿ" ಅಂದದ್ದು ಜನವರಿಯಲ್ಲಿ. ನಡುವೆ ಹಿಂದೆ ಸರಿದ ದಿನಗಳೂ ಇದ್ದವು. ಜ್ವರ ಬಂದು ಒಂದು ವಾರ ತಪ್ಪಿಸಿಕೊಂಡವಳು ಮತ್ತೆ ಮೂಕಿಯಾದಳು, ಹುಣಸೆ ಬೀಜ ಮತ್ತೆ ತೆಗೆದೆವು.

ಮರುವರ್ಷ ಅವಳು ಐದನೇ ತರಗತಿಗೆ ಹೋದಳು. ಪ್ರತಿಭಾ ಕಾರಂಜಿಗೆ ಹೆಸರು ಬರೆದುಕೊಳ್ಳುವಾಗ ಅವಳ ಹೊಸ ಶಿಕ್ಷಕರು ಪ್ರೀತಿಯಿಂದಲೇ "ಈಗ ಮಾತಾಡ್ತೀಯಲ್ಲಾ, ಕಥೆ ಹೇಳೂದಕ್ಕ ನೀನೇ" ಎಂದು ಬರೆದುಬಿಟ್ಟರು. ನಾನು ವರಾಂಡದಲ್ಲಿದ್ದೆ. ಒಳಗೆ ಹೋಗಿ ತಡೆಯಬೇಕೆಂದು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವಳು ಎದ್ದು ನಿಂತಳು.

"ನಾ ಕಥಿ ಹೇಳಂಗಿಲ್ರಿ ಸರ್. ಮಣ್ಣಿನ ಮಾದರಿಗೆ ನನ್ನ ಹೆಸರ ಬರಕೋರಿ."

ಕೊನೆಯ ಸಾಲಿನ ತನಕ ಕೇಳಿಸಿತು.