ನೀಲಿ ಹೊಗೆ ಬಂತು, ಇಂಜಿನ್ ಇಳಿಸಲಿಲ್ಲ

ನನ್ನದು ಹಳೇ ಪೆಟ್ರೋಲ್ ಕಾರು. ಇಂಜಿನ್ ಆಯಿಲ್ ಇದ್ದಕ್ಕಿದ್ದಂತೆ ಜಾಸ್ತಿ ಕುಡಿಯಲು ಶುರು ಮಾಡಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ. ಗ್ಯಾರೇಜಿನವರು ನೋಡಿದ ಕೂಡಲೇ, "ರಿಂಗ್ ಹೋಗಿದೆ ಸರ್, ಇಂಜಿನ್ ಇಳಿಸಬೇಕು" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು, ಸಿಲಿಂಡರ್ ಗೋಡೆಯ ಸಂದಿನಿಂದ ಒತ್ತಡ ಸೋರದಂತೆ, ಆಯಿಲ್ ಮೇಲೆ ಬರದಂತೆ ತಡೆಯುವ ಬಳೆ. ಅದು ಹೋಗಿರಬಹುದು. ಆದರೆ ಬರೀ ಹೊಗೆ ನೋಡಿ ಅಷ್ಟು ದೊಡ್ಡ ಕೆಲಸಕ್ಕೆ ಹೂಂ ಅನ್ನೋದು ಹೇಗೆ?

ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ಅದರಲ್ಲಿ ಅನುಮಾನ ಇರಲಿಲ್ಲ. ಎಲ್ಲಿಂದ ಒಳಗೆ ಹೋಗುತ್ತಿದೆ ಅನ್ನೋದೇ ಪ್ರಶ್ನೆ. ಹೊಗೆ ಯಾವಾಗ ಬರುತ್ತದೆ ಅಂತ ಗಮನಿಸಿದೆ. ಕಾರು ರಾತ್ರಿಯಿಡೀ ನಿಂತಿದ್ದರೆ, ಸ್ಟಾರ್ಟ್ ಮಾಡಿದಾಗ ಒಂದು ಸಲ ಭುಸ್ಸನೆ ಬಂದು ನಿಲ್ಲುತ್ತಿತ್ತು. ಗೇರ್‌ನಲ್ಲೇ ಉದ್ದದ ಇಳಿಜಾರು ಇಳಿದು ಆಕ್ಸಿಲರೇಟರ್ ಒತ್ತಿದಾಗ ಮತ್ತೆ ಬರುತ್ತಿತ್ತು. ಏರು ಹತ್ತುವಾಗ ಹೊಗೆಯೇ ಇಲ್ಲ. ರಿಂಗ್ ಸವೆದಿದ್ದರೆ ಲೋಡ್ ಬಿದ್ದಾಗಲೇ ಅಲ್ವಾ ಜಾಸ್ತಿ ಬರಬೇಕಾದದ್ದು? ವಾಲ್ವ್ ಸೀಲ್, ಅಂದರೆ ವಾಲ್ವ್ ಕಡ್ಡಿಯ ಸುತ್ತ ಕೂತು ಮೇಲಿನ ಆಯಿಲ್ ಕೆಳಗೆ ಸಿಲಿಂಡರ್‌ಗೆ ಜಾರದಂತೆ ತಡೆಯುವ ರಬ್ಬರ್, ಅದರ ಮೇಲೆ ಅನುಮಾನ ಬಂತು.

ಮೊದಲು ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದೆ. ಇಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್ ಇದು, ಕೆಟ್ಟರೆ ಆವಿಯ ಜೊತೆ ಆಯಿಲ್ ಕೂಡ ಹೋಗಬಹುದು. ಟಕ್ ಟಕ್ ಅನ್ನಬೇಕಾದದ್ದು ಜಿಡ್ಡು ಹಿಡಿದು ಸುಮ್ನೆ ಕೂತಿತ್ತು. ಹೊಸದು ಹಾಕಿದೆ. ಆಯಿಲ್ ಖರ್ಚು ಸ್ವಲ್ಪ ತಗ್ಗಿತು, ಬೆಳಗಿನ ಹೊಗೆ ಮಾತ್ರ ಹೋಗಲಿಲ್ಲ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು. ಇದನ್ನು ಅವಸರದಲ್ಲಿ ಮಾಡಿದರೆ ಸಿಗುವ ನಂಬರ್ ಕೆಲಸಕ್ಕೆ ಬಾರದು. ಇಂಜಿನ್ ಬಿಸಿ ಇರಬೇಕು, ಬ್ಯಾಟರಿ ಗಟ್ಟಿ ಇರಬೇಕು. ಎಲ್ಲಾ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಇಗ್ನಿಷನ್ ಕಡಿತ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಬೇಕು. ನಾಲ್ಕೂ ಸಿಲಿಂಡರ್ 160ರಿಂದ 170 ಪಿಎಸ್‌ಐ (ಒತ್ತಡದ ಅಳತೆ) ಒಳಗೇ ಬಂದವು, ಅಂದರೆ ಹೆಚ್ಚುಕಡಿಮೆ ಒಂದೇ ಸಮ. ಪ್ರತಿ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಮುಳ್ಳು ಹೆಚ್ಚೇನೂ ಏರಲಿಲ್ಲ. ಕಂಪ್ರೆಷನ್ ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಒತ್ತಡ ಚೆನ್ನಾಗಿ ಏರುತ್ತಿತ್ತು. ಗೋಡೆಯ ಆಯಿಲ್ ಸವರಿ ಕೆಳಗಿಳಿಸುವ ಇನ್ನೊಂದು ರಿಂಗ್, ಆಯಿಲ್ ಕಂಟ್ರೋಲ್ ರಿಂಗ್, ಕಚ್ಚಿಕೊಂಡಿದ್ದರೆ ಈ ಟೆಸ್ಟ್‌ನಲ್ಲಿ ಗೊತ್ತಾಗುವುದಿಲ್ಲ, ಅದು ಇದರ ದೊಡ್ಡ ಕೊರತೆ. ಅದಕ್ಕೇ ಹೊಗೆಯ ಸಮಯವನ್ನೂ ಜೊತೆಗಿಟ್ಟು ನೋಡಿದ್ದು.

ಇಷ್ಟನ್ನು ಬರೆದುಕೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪ್ಲಗ್ ತೂತಿನಿಂದ ಗಾಳಿ ಒತ್ತಡ ಕೊಟ್ಟು, ವಾಲ್ವ್ ಕೆಳಗೆ ಬೀಳದಂತೆ ಹಿಡಿದು ಸೀಲ್ ಬದಲಿಸಿದರು. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಬಿಚ್ಚಲೇಬೇಕಾಯಿತು, ಆದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೂತಲ್ಲೇ ಇತ್ತು. ಹಳೇ ಸೀಲ್ ಕೈಗೆ ಕೊಟ್ಟರು. ಮೆತ್ತಗಿರಬೇಕಾದ ರಬ್ಬರ್ ಉಗುರಲ್ಲಿ ಒತ್ತಿದರೆ ಚಟ್ಟನೆ ಮುರಿಯಿತು.

ಬೆಳಗಿನ ಹೊಗೆ ನಿಂತಿತು. ಆಯಿಲ್ ಈಗಲೂ ತುಸು ಇಳಿಯುತ್ತದೆ, ಈ ವಯಸ್ಸಿನ ಇಂಜಿನ್‌ಗೆ ಅದನ್ನು ನಾನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ, ಸಮತಟ್ಟಾದ ಜಾಗದಲ್ಲಿ, ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ. ಮಟ್ಟ ಎಷ್ಟಿತ್ತು, ಕಿಲೋಮೀಟರ್ ಎಷ್ಟಾಗಿತ್ತು ಎಂದು ಗ್ಲೋವ್ ಬಾಕ್ಸ್‌ನಲ್ಲಿರುವ ಪುಸ್ತಕದಲ್ಲಿ ಬರೆದಿಡುತ್ತೇನೆ. ಖರ್ಚು ಮತ್ತೆ ಏರಿದರೆ ಆಗ ರಿಂಗ್ ವಿಚಾರ.