ಪುಟ್ಟ ಕಿವುಡ ಮಕ್ಕಳಿಗೆ ಟೀಚರ್ ಆಗುವುದು ಹೇಗೆ?

ಪದವಿ ಮುಗಿಸಿ, ಕಿವಿ ಕೇಳದ ಮಕ್ಕಳಿಗೆ ಕಲಿಸಬೇಕೆಂದು ಹೊರಟವರು ಕಾಲೇಜು ಹುಡುಕುವ ಮೊದಲು ಮಕ್ಕಳ ವಯಸ್ಸನ್ನು ತೀರ್ಮಾನಿಸಿಕೊಳ್ಳಬೇಕು. ಎಂಟನೇ ತರಗತಿಯ ಹುಡುಗನಿಗೆ ವಿಜ್ಞಾನ ಹೇಳಿಕೊಡುವ ಕೆಲಸವೇ ಬೇರೆ, ಎರಡು ವರ್ಷದ ಮಗುವಿಗೆ ಮೊದಲ ಭಾಷೆ ದಕ್ಕಿಸುವ ಕೆಲಸವೇ ಬೇರೆ. ಈ ಲೇಖನ ಎರಡನೆಯ ಕೆಲಸಕ್ಕೆ ಮನಸ್ಸು ಮಾಡಿದವರಿಗಾಗಿ.

ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತಪಡಿಸುವುದು, ಆರು ತಿಂಗಳೊಳಗೆ ತರಬೇತಿ ಶುರು: ಇದು ಜಗತ್ತಿನಾದ್ಯಂತ ತಜ್ಞರು ಹೇಳುವ ಗಡುವು. ನಮ್ಮಲ್ಲಿ ಎಷ್ಟೋ ಮಕ್ಕಳು ‘ಇವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷ ಕಳೆದುಕೊಂಡ ಮೇಲೆ ಟೀಚರ ಬಳಿ ಬರುತ್ತಾರೆ. ಕಳೆದುಹೋದ ಆ ಕಾಲವನ್ನು ತುಂಬಿಕೊಡುವ ಕೆಲಸಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು, ಗಟ್ಟಿ ತರಬೇತಿ ಬೇಕು.

ಹಂತ 1: ಕೋರ್ಸ್ ಆರಿಸಿ

ಪದವೀಧರರಿಗೆ ಇರುವ ಮುಖ್ಯ ದಾರಿ ಶ್ರವಣದೋಷ ವಿಭಾಗದ ಸ್ಪೆಷಲ್ ಬಿ.ಇಡಿ. ಅವಧಿ 2 ವರ್ಷ. ಸಾಮಾನ್ಯವಾಗಿ ಪದವಿಯಲ್ಲಿ ಶೇ 50 ಅಂಕ ಕೇಳುತ್ತಾರೆ, ಮೀಸಲಾತಿ ಇರುವವರಿಗೆ ರಿಯಾಯಿತಿ ಉಂಟು. ಅದಾದ ಮೇಲೆ ಸ್ಪೆಷಲ್ ಎಂ.ಇಡಿ. ಶಾಲೆಗೂ ಮೊದಲಿನ ಮಕ್ಕಳಿಗೆಂದೇ ರೂಪಿಸಿದ ಆರಂಭಿಕ ಬಾಲ್ಯದ ವಿಶೇಷ ಶಿಕ್ಷಣ ಡಿಪ್ಲೊಮಾ ಪಿಯುಸಿ ಆದವರಿಗೂ ತೆರೆದಿದೆ. ‘ಪದವಿ ಆದವರಿಗೆ ಮತ್ತೆ ಡಿಪ್ಲೊಮಾ ಏಕೆ’ ಎಂದು ಅದನ್ನು ತಳ್ಳಿಹಾಕಬೇಡಿ. ಬಿ.ಇಡಿ ಪಠ್ಯ ಇಡೀ ಶಾಲಾ ಹಂತವನ್ನು ನೋಡುತ್ತದೆ. ತೊಡೆಯ ಮೇಲೆ ಕೂರುವ ವಯಸ್ಸಿನ ಮಗುವಿನ ಜತೆ ದಿನವಿಡೀ ಕಳೆಯುವ ಅಭ್ಯಾಸ ಈ ಡಿಪ್ಲೊಮಾದಲ್ಲಿ ಹೆಚ್ಚು ಸಿಗುತ್ತದೆ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಕೋರ್ಸ್ ಯಾವುದೇ ಇರಲಿ, ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿ. ಬರೀ ಕಾಲೇಜಿನ ಮಾತನ್ನು ನಂಬಿ ಶುಲ್ಕ ಕಟ್ಟಬೇಡಿ.

ಹಂತ 2: ಕಾಲೇಜಿನ ಜತೆಗೆ ಮಕ್ಕಳಿದ್ದಾರೆಯೇ ನೋಡಿ

ಕಟ್ಟಡ, ಗ್ರಂಥಾಲಯ ಆಮೇಲೆ. ಆವರಣದಲ್ಲೇ ಪುಟ್ಟ ಮಕ್ಕಳ ಶಾಲೆ ಇದೆಯೇ, ಆಡಿಯಾಲಜಿಸ್ಟ್ (ಶ್ರವಣ ಪರೀಕ್ಷಿಸುವ ತಜ್ಞರು) ಇದ್ದಾರೆಯೇ, ತಾಯಂದಿರು ತರಗತಿಯಲ್ಲಿ ಕೂರುತ್ತಾರೆಯೇ ಎಂದು ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ಕನ್ನಡವಲ್ಲದೆ ಬೇರೆ ಭಾಷೆಗಳಲ್ಲೂ ಗುಂಪುಗಳಿವೆ, ತಾಯಂದಿರೂ ಮಕ್ಕಳ ಜತೆಗೇ ಕಲಿಯುತ್ತಾರೆ. ಚೆನ್ನೈನ ಬಾಲವಿದ್ಯಾಲಯವೂ ತೀರಾ ಚಿಕ್ಕ ಮಕ್ಕಳಿಗೆಂದೇ ನಡೆಯುವ ಶಾಲೆ, ಅಲ್ಲೂ ಶಿಕ್ಷಕರ ತರಬೇತಿ ಉಂಟು. ಸೇರುವ ಮೊದಲು ಒಂದು ದಿನವಾದರೂ ಇಂಥ ತರಗತಿಯ ಹಿಂದೆ ಕೂತು ನೋಡಲು ಅನುಮತಿ ಕೇಳಿ.

ಹಂತ 3: ಕಿವಿಯ ವಿಷಯ ಬಾಯಿಪಾಠಕ್ಕೆ ಬಿಡಬೇಡಿ

ಆಡಿಯೋಗ್ರಾಂ, ಅಂದರೆ ಮಗುವಿಗೆ ಯಾವ ಸದ್ದು ಎಷ್ಟು ಕೇಳುತ್ತದೆಂದು ತೋರಿಸುವ ನಕ್ಷೆ, ಓದುವುದನ್ನು ಪರೀಕ್ಷೆಗಾಗಿ ಕಲಿತು ಮರೆಯುವವರು ಬಹಳ. ಚಿಕ್ಕ ಮಕ್ಕಳ ಟೀಚರಿಗೆ ಅದು ನಿತ್ಯದ ಕೆಲಸ. ಬೆಳಿಗ್ಗೆ ಪಾಠಕ್ಕೆ ಮೊದಲು ಪ್ರತಿ ಮಗುವಿನ ಶ್ರವಣ ಸಾಧನದ ಬ್ಯಾಟರಿ ನೋಡಬೇಕು, ಕಿವಿಯಚ್ಚು (ಕಿವಿಯ ಆಕಾರಕ್ಕೆ ತಕ್ಕಂತೆ ಮಾಡಿದ, ಕಿವಿಯೊಳಗೆ ಕೂರುವ ಭಾಗ) ಸರಿಯಾಗಿ ಕೂತಿದೆಯೇ ನೋಡಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗುತ್ತದೆ, ಸಾಧನ ಕುಯ್ ಎನ್ನುತ್ತದೆ. ಆಮೇಲೆ ಕಿವುಡ ಮಕ್ಕಳ ಶಿಕ್ಷಣ ತಜ್ಞ ಡೇನಿಯಲ್ ಲಿಂಗ್ ರೂಪಿಸಿದ ಆರು ಧ್ವನಿಗಳ ಪರೀಕ್ಷೆ: ಬಾಯಿ ಮರೆಮಾಡಿ ಆ, ಈ, ಊ, ಮ್, ಶ್, ಸ್ ಎನ್ನಿ. ಕೇಳಿದಾಗಲೆಲ್ಲ ಮಗು ಡಬ್ಬಿಗೊಂದು ಮಣಿ ಹಾಕಲಿ. ನಿನ್ನೆ ‘ಸ್’ಗೆ ಮಣಿ ಹಾಕಿದ ಮಗು ಇಂದು ಸುಮ್ಮನಿದ್ದರೆ ಮೊದಲು ಸಾಧನವನ್ನೂ ಕಿವಿಯನ್ನೂ ಪರೀಕ್ಷಿಸಿ.

ಕನ್ನಡದ್ದೇ ಕಷ್ಟಗಳೂ ಇವೆ, ಪಠ್ಯಪುಸ್ತಕಗಳು ಇವಕ್ಕೆ ಇನ್ನೂ ಹೆಚ್ಚು ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಮರ, ಬರ, ಪರ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ನಮ್ಮ ಮಾತಿನ ಅರ್ಥದ ದೊಡ್ಡ ಪಾಲು ಪದದ ಬಾಲದಲ್ಲಿರುತ್ತದೆ: ಮನೆಗೆ, ಮನೆಲಿ, ಮನೆಯಿಂದ, ಬಂದ, ಬಂದ್ಲು, ಬಂದ್ರು. ಆ ಬಾಲವನ್ನೇ ನಾವು ಮೆಲ್ಲಗೆ ನುಂಗಿ ಹೇಳುವುದು. ಹೀಗಾಗಿ ಮಗು ‘ಅಮ್ಮ ಮನೆ’ ಎಂದಷ್ಟೇ ಹೇಳುತ್ತದೆ. ಪಾಠ ಯೋಜನೆ ಬರೆಯುವಾಗ ನಾಮಪದಗಳ ಚಿತ್ರಪಟಕ್ಕೆ ನಿಲ್ಲದೆ, ಈ ಪ್ರತ್ಯಯಗಳು ಆಟದಲ್ಲಿ ಮತ್ತೆ ಮತ್ತೆ ಬರುವಂತೆ ನೋಡಿಕೊಳ್ಳಿ. ಚೆಂಡನ್ನು ಬುಟ್ಟಿಗೆ ಹಾಕು, ಬುಟ್ಟಿಯಿಂದ ತೆಗಿ, ಬುಟ್ಟಿ ಕೆಳಗೆ ಇಡು. ಹತ್ತಿರ ಕೂತು ಹೇಳಿ. ದೂರ ಎರಡು ಪಟ್ಟಾದರೆ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಫ್ಯಾನಿನ ಸದ್ದು ಉಳಿದದ್ದನ್ನೂ ತಿನ್ನುತ್ತದೆ.

ಹಂತ 4: ಸಂಜ್ಞೆ ಭಾಷೆಯನ್ನೂ ಕಲಿಯಿರಿ

ಮಾತು ಮೇಲೋ ಸಂಜ್ಞೆ ಮೇಲೋ ಎಂಬ ಜಗಳ ಈ ಕ್ಷೇತ್ರದಲ್ಲಿ ಹಳೆಯದು. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಶ್ರವಣ ಸಾಧನ) ಆಗಿ ಚೆನ್ನಾಗಿ ಕೇಳುವ ಮಕ್ಕಳಿದ್ದಾರೆ, ಯಾವ ಸಾಧನದಿಂದಲೂ ಮಾತು ಸ್ಪಷ್ಟವಾಗದ ಮಕ್ಕಳೂ ಇದ್ದಾರೆ. ಭಾಷೆಯೇ ಇಲ್ಲದೆ ಯಾವ ಮಗುವೂ ಕಾಯುವಂತಾಗಬಾರದು. ದೆಹಲಿಯಲ್ಲಿರುವ ಭಾರತೀಯ ಸಂಜ್ಞೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಾಗಿದ್ದವು, ವಿಡಿಯೊಗಳು ಉಚಿತ. ಆದರೆ ವಿಡಿಯೊ ನೋಡಿ ನಿಲ್ಲಿಸಬೇಡಿ, ಕಿವುಡ ಹಿರಿಯರ ಜತೆ ಕೂತು ಕಲಿಯಿರಿ.

ಹಂತ 5: ತಾಯಿಗೆ ಕಲಿಸುವುದನ್ನು ಕಲಿಯಿರಿ

ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ತಂದೆ ತಾಯಿಗೇ ಹುಟ್ಟುತ್ತಾರೆ. ಕಿವುಡುತನ ಆ ಮನೆಗೆ ಹೊಸತು. ಟೀಚರ ಬಳಿ ಮಗು ಕೆಲವೇ ಗಂಟೆ, ಉಳಿದದ್ದೆಲ್ಲ ಮನೆಯಲ್ಲಿ. ರೊಟ್ಟಿ ತಟ್ಟುವಾಗ, ಸ್ನಾನ ಮಾಡಿಸುವಾಗ, ಬಸ್ಸಿಗೆ ಕಾಯುವಾಗ ಹೇಗೆ ಮಾತಾಡಿಸಬೇಕೆಂದು ತಾಯಿಗೆ, ಅಪ್ಪನಿಗೆ, ಅಜ್ಜಿಗೆ ಮಾಡಿ ತೋರಿಸಬೇಕು. ಇಂಟರ್ನ್‌ಶಿಪ್‌ನಲ್ಲಿ ಬರೀ ಬೋರ್ಡಿನ ಮುಂದೆ ನಿಲ್ಲುವ ಪಾಠ ಎಣಿಸಿಕೊಳ್ಳದೆ, ಕುಟುಂಬಗಳ ಜತೆ ಕೂರಲು ನೀವಾಗಿಯೇ ಅವಕಾಶ ಕೇಳಿ.

ಹಂತ 6: ನೋಂದಣಿ, ಕೆಲಸ

ತೇರ್ಗಡೆಯಾದ ತಕ್ಷಣ ಆರ್‌ಸಿಐನ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ನೋಂದಾಯಿಸಿ. ನೋಂದಣಿ ಇಲ್ಲದೆ ವೃತ್ತಿ ಮಾಡುವುದು ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಡಿ ದಂಡನೀಯ. ನವೀಕರಣಕ್ಕೆ ಮುಂದುವರಿಕೆ ಶಿಕ್ಷಣದ (ವೃತ್ತಿಗೆ ಬಂದ ಮೇಲೆ ಹಾಜರಾಗುವ ತರಬೇತಿಗಳ) ಅಂಕಗಳು ಬೇಕು, ಹಾಜರಿ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಸುಪ್ರೀಂ ಕೋರ್ಟ್‌ನ 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರು ಎಂದು ನಿಗದಿ ಮಾಡಿದೆ. ಸರ್ಕಾರಿ ನೇಮಕಾತಿ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ. ಖಾಸಗಿ ಶಾಲೆಯ ಸಂದರ್ಶನಕ್ಕೆ ಹೋದರೆ, ಒಂದು ತರಗತಿಗೆ ಎಷ್ಟು ಮಕ್ಕಳು, ಸಾಧನ ಕೆಟ್ಟರೆ ಯಾರು ನೋಡುತ್ತಾರೆ, ಪೋಷಕರಿಗೆ ವಾರದಲ್ಲಿ ಎಷ್ಟು ಸಮಯ ಮೀಸಲಿದೆ ಎಂದು ಸಂಬಳದ ಮಾತಿಗೂ ಮೊದಲೇ ಕೇಳಿ ತಿಳಿದುಕೊಳ್ಳಿ.